ಕೆರೆಯ ಏರಿಯಿಂದ ಕಂಡ ಲಂಕೆ

ಶ್ರೀಲಂಕಾಕ್ಕೆ ಹೋಗಿ ಬಂದವರನ್ನು ಅಲ್ಲಿ ಏನೇನು ನೋಡಿದಿರಿ ಎಂದು ಕೇಳಿದರೆ ಉತ್ತರ ಹೆಚ್ಚುಕಡಿಮೆ ಒಂದೇ ಬಗೆಯದಾಗಿರುತ್ತದೆ. ಅನುರಾಧಪುರದ ಬೋಧಿವೃಕ್ಷ, ಸಿಗಿರಿಯದ ಬಂಡೆ, ದಂಬುಲ್ಲದ ಗುಹೆಗಳು, ಪೊಲನ್ನರುವದ ಮಲಗಿದ ಬುದ್ಧ, ಕ್ಯಾಂಡಿಯ ದಂತಧಾತು ಮಂದಿರ, ನುವರ ಎಳಿಯದ ಚಹಾ ತೋಟಗಳು, ಕೊನೆಗೆ ಸಮುದ್ರದಂಚಿನ ಗಾಲ್ ಕೋಟೆ. ಐದಾರು ದಿನಗಳಲ್ಲಿ ಇಷ್ಟನ್ನೂ ಮುಗಿಸಿ, ಒಂದು ಡಬ್ಬಿ ಚಹಾಪುಡಿ ಕೊಂಡು ಬರುವುದು ವಾಡಿಕೆ. ಆದರೆ ಒಂದು ಸ್ಥಳದಿಂದ ಇನ್ನೊಂದು ಸ್ಥಳಕ್ಕೆ ಹೋಗುವಾಗ ಬಸ್ಸಿನ ಕಿಟಕಿಯಾಚೆ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಒಂದನ್ನು ಮಾತ್ರ ಯಾರೂ ಹೆಸರಿಸುವುದಿಲ್ಲ. ಅದು ಕೆರೆ.

ಇದರಲ್ಲಿ ಅಚ್ಚರಿಯೇನೂ ಇಲ್ಲ. ಏರಿ, ತೂಬು, ಕೋಡಿ, ಅಚ್ಚುಕಟ್ಟು ಎಂಬ ಮಾತುಗಳನ್ನು ಕೇಳುತ್ತಲೇ ಬೆಳೆದ ನಮಗೆ ಕೆರೆಯೊಂದು ನೋಡುವಂಥ ವಸ್ತುವೆಂದು ತೋರುವುದಿಲ್ಲ. ಸಿಂಹಳದಲ್ಲಿ ಇದಕ್ಕೆ 'ವೆವ' ಎನ್ನುತ್ತಾರೆ. ದ್ವೀಪದ ತಮಿಳರು 'ಕುಳಂ' ಎನ್ನುತ್ತಾರೆ. ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯಲ್ಲಿ ಶ್ರೀಲಂಕಾದ ಎಂಟು ತಾಣಗಳಿವೆ. ಕೆರೆಯ ಹೆಸರಿನಲ್ಲಿ ಸೇರಿದ್ದು ಅವುಗಳಲ್ಲಿ ಒಂದೂ ಇಲ್ಲ. ಆದರೂ ಆ ದ್ವೀಪದ ಇತಿಹಾಸವನ್ನು ಸ್ವಲ್ಪ ಕೆದಕಿದರೆ ತಿಳಿಯುವುದು ಇಷ್ಟು: ನಾವು ನೋಡಿ ಬೆರಗಾಗುವ ನಗರಗಳನ್ನು ಎಬ್ಬಿಸಿದ್ದು ಈ ಕೆರೆಗಳು, ಅವುಗಳ ಏರಿ ಒಡೆದು ತೂಬು ಕೆಟ್ಟ ಕಾಲದಲ್ಲಿಯೇ ಆ ನಗರಗಳನ್ನು ಕಾಡು ನುಂಗಿತು.

ಒಂದು ದ್ವೀಪ, ಎರಡು ಮಳೆ

ಶ್ರೀಲಂಕಾದ ವಿಸ್ತೀರ್ಣ ಸುಮಾರು 65,600 ಚದರ ಕಿ.ಮೀ. ಎಂದರೆ ಕರ್ನಾಟಕದ ಮೂರನೆಯ ಒಂದು ಭಾಗ. ಉತ್ತರದಿಂದ ದಕ್ಷಿಣಕ್ಕೆ 430 ಕಿ.ಮೀ. ಉದ್ದ, ಅತಿ ಅಗಲವಾದ ಕಡೆ 225 ಕಿ.ಮೀ. ನಡುವೆ, ಸ್ವಲ್ಪ ದಕ್ಷಿಣಕ್ಕೆ ಸರಿದು ಬೆಟ್ಟಗಳ ಗುಂಪು. ಅಲ್ಲಿನ ಪಿದುರುತಲಾಗಲ ಶಿಖರ 2,524 ಮೀಟರ್ ಎತ್ತರವಿದೆ. ಈ ಬೆಟ್ಟಗಳೇ ದ್ವೀಪದ ಮಳೆಯನ್ನು ಎರಡಾಗಿ ಹಂಚುತ್ತವೆ. ಮೇ ತಿಂಗಳಿಂದ ಬೀಸುವ ನೈಋತ್ಯ ಮಾರುತ ಬೆಟ್ಟಗಳ ಪಶ್ಚಿಮ ಮಗ್ಗುಲಲ್ಲಿ ತನ್ನ ನೀರನ್ನೆಲ್ಲ ಸುರಿದುಬಿಡುತ್ತದೆ. ಕೆಲವು ಇಳಿಜಾರುಗಳಲ್ಲಿ ವರ್ಷಕ್ಕೆ 5,000 ಮಿ.ಮೀ. ವರೆಗೂ ಮಳೆ ಬೀಳುವುದುಂಟು. ಸಿಂಹರಾಜದ ಮಳೆಕಾಡು ಇರುವುದು ಇದೇ ಭಾಗದಲ್ಲಿ. ಬೆಟ್ಟ ದಾಟಿದ ಗಾಳಿ ಒಣಗಿರುತ್ತದೆ. ಉತ್ತರ ಮತ್ತು ಪೂರ್ವದ ಬಯಲಿಗೆ ಮಳೆ ತರುವುದು ಅಕ್ಟೋಬರಿನಿಂದ ಜನವರಿಯವರೆಗಿನ ಈಶಾನ್ಯ ಮಾರುತ. ದ್ವೀಪದ ಬಹುಭಾಗ ಈ ಒಣ ಸೀಮೆಗೆ ಸೇರಿದ್ದು.

ಒಣ ಸೀಮೆ ಎಂದರೆ ನಮ್ಮ ಚಿತ್ರದುರ್ಗದಂತೆ ಎಂದು ಭಾವಿಸಬಾರದು. ಅನುರಾಧಪುರದಲ್ಲಿ ವರ್ಷಕ್ಕೆ ಸುಮಾರು 1,300 ಮಿ.ಮೀ. ಮಳೆಯಾಗುತ್ತದೆ, ಇದು ಬೆಂಗಳೂರಿನ ಮಳೆಗಿಂತ ಹೆಚ್ಚು. ತೊಂದರೆ ಇರುವುದು ಮಳೆಯ ಪ್ರಮಾಣದಲ್ಲಿ ಅಲ್ಲ, ಅದು ಬೀಳುವ ರೀತಿಯಲ್ಲಿ. ಮೂರು ನಾಲ್ಕು ತಿಂಗಳಲ್ಲಿ ಬಹುಪಾಲು ಬಿದ್ದು ಹರಿದುಹೋಗುತ್ತದೆ. ಉಳಿದ ತಿಂಗಳುಗಳಲ್ಲಿ ಬಿಸಿಲು ಮತ್ತು ಒಣಗಾಳಿ ನೆಲದ ಪಸೆಯನ್ನು ಹೀರುತ್ತವೆ. ನೀರು ನಿಲ್ಲಿಸಿಕೊಂಡವನಿಗೆ ಎರಡು ಬೆಳೆ, ಬಿಟ್ಟವನಿಗೆ ಒಂದು ಬೆಳೆಯೂ ಅನುಮಾನ. ದ್ವೀಪದ ಮೊದಲ ದೊಡ್ಡ ರಾಜ್ಯ ಬೆಳೆದದ್ದು ಮಳೆ ಧಾರಾಳವಾಗಿದ್ದ ನೈಋತ್ಯ ಭಾಗದಲ್ಲಿ ಅಲ್ಲ, ಈ ಬಯಲಿನಲ್ಲಿ. ಮಳೆಕಾಡು ಕಡಿದು ಬೇಸಾಯ ಮಾಡುವುದಕ್ಕಿಂತ ಬಯಲಿನ ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಹಾಕುವುದು ಅಂದಿನವರಿಗೆ ಸುಲಭವಾಗಿದ್ದಿರಬೇಕು.

ಅನುರಾಧಪುರದ ಮೂರು ಕೆರೆಗಳ ಕಥೆಯೂ ಆ ನಗರದಷ್ಟೇ ಹಳೆಯದು. ಅಭಯವಾಪಿ ಎಂಬ ಕೆರೆಯನ್ನು ಕ್ರಿ.ಪೂ. 4ನೇ ಶತಮಾನದ ಪಾಂಡುಕಾಭಯನೂ, ತಿಸ್ಸ ವೆವವನ್ನು ಕ್ರಿ.ಪೂ. 3ನೇ ಶತಮಾನದ ದೇವಾನಾಂಪಿಯ ತಿಸ್ಸನೂ ಕಟ್ಟಿಸಿದರೆಂದು ಪರಂಪರೆ ಹೇಳುತ್ತದೆ. ಮೂರನೆಯದು ನುವರ ವೆವ. ಅಶೋಕನ ಮಗಳು ಸಂಘಮಿತ್ರೆ ಬೋಧಗಯೆಯಿಂದ ಬೋಧಿವೃಕ್ಷದ ಟೊಂಗೆಯನ್ನು ತಂದದ್ದು ಇದೇ ತಿಸ್ಸನ ಕಾಲದಲ್ಲಿ. ಮರ ಮತ್ತು ಕೆರೆ ಒಂದೇ ತಲೆಮಾರಿನವು. ಮರಕ್ಕೆ ಇಂದಿಗೂ ಪೂಜೆ ನಡೆಯುತ್ತಿದೆ. ಕೆರೆ ಇಂದಿಗೂ ನೀರು ಕೊಡುತ್ತಿದೆ.

ಧಾತುಸೇನನ ಖಜಾನೆ

ಕೆರೆಗಳ ಬೆಲೆ ಎಷ್ಟೆಂಬುದನ್ನು ಹೇಳುವ ಕಥೆಯೊಂದು 'ಚೂಳವಂಶ' ಎಂಬ ಪಾಲಿ ಇತಿಹಾಸ ಗ್ರಂಥದಲ್ಲಿದೆ. ಕ್ರಿ.ಶ. 455ರಿಂದ 473ರವರೆಗೆ ಆಳಿದ ಧಾತುಸೇನ ಅನುರಾಧಪುರದ ಆಗ್ನೇಯಕ್ಕೆ ಕಲಾ ವೆವ ಎಂಬ ಬೃಹತ್ ಕೆರೆ ಕಟ್ಟಿಸಿದ. ಅದರ ನೀರನ್ನು ರಾಜಧಾನಿಯ ತಿಸ್ಸ ವೆವಕ್ಕೆ ತರಲು ತೋಡಿಸಿದ ಕಾಲುವೆಗೆ ಜಯಗಂಗಾ ಎಂದು ಹೆಸರು. ಯೋಧ ಎಳ ಎಂದೂ ಕರೆಯುತ್ತಾರೆ. ಉದ್ದ 54 ಮೈಲಿ. ಮೊದಲ 17 ಮೈಲಿಗಳಲ್ಲಿ ಅದರ ಇಳುಕಲು ಮೈಲಿಗೆ ಸುಮಾರು 6 ಅಂಗುಲ ಮಾತ್ರ. ಎಂದರೆ ಒಂದು ಗೇಣು ಇಳಿಯುವುದಕ್ಕೆ ನೀರು ಒಂದೂವರೆ ಮೈಲಿ ನಡೆಯಬೇಕು. ದೂರದರ್ಶಕ ಕೂಡಿಸಿದ ಮಟ್ಟಗೋಲು ಇಲ್ಲದ ಕಾಲದಲ್ಲಿ ಇಷ್ಟು ನವಿರಾದ ಇಳಿಜಾರನ್ನು ಹಿಡಿದದ್ದು ಇಂದಿನ ಇಂಜಿನಿಯರುಗಳಿಗೂ ಸೋಜಿಗ. ಈ ಕಾಲುವೆಗೆ ಬಹುಮಟ್ಟಿಗೆ ಒಂದೇ ಬದಿಯಲ್ಲಿ ದಂಡೆಯಿದೆ. ಎತ್ತರದ ಬದಿಯಿಂದ ಹರಿದು ಬರುವ ಮಳೆನೀರನ್ನೂ ಸೇರಿಸಿಕೊಂಡು, ದಾರಿಯಲ್ಲಿ ಸಿಕ್ಕುವ ಹಳ್ಳಿಯ ಕೆರೆಗಳಿಗೆ ಹಂಚುತ್ತ ಅದು ಸಾಗುತ್ತದೆ.

ಧಾತುಸೇನನ ಮಗ ಕಾಶ್ಯಪ ಸೇನಾಪತಿಯೊಬ್ಬನ ಜೊತೆಗೂಡಿ ತಂದೆಯನ್ನು ಸೆರೆಗೆ ಹಾಕಿದ. ಬಚ್ಚಿಟ್ಟ ಧನ ಎಲ್ಲಿದೆ ತೋರಿಸು ಎಂದು ಮುದುಕನನ್ನು ಪೀಡಿಸಿದರು. ಕಲಾ ವೆವಕ್ಕೆ ಕರೆದೊಯ್ದರೆ ತೋರಿಸುತ್ತೇನೆಂದ ಧಾತುಸೇನ ಅಲ್ಲಿ ಕೆರೆಗಿಳಿದು ಮಿಂದ, ನೀರು ಕುಡಿದ, ತನಗಿರುವ ಸಂಪತ್ತೆಲ್ಲ ಇದೊಂದೇ ಎಂದು ಜೊತೆಗೆ ಬಂದವರಿಗೆ ಹೇಳಿದ. ಅವನನ್ನು ಕೊಂದರು, ಗೋಡೆಯಲ್ಲಿ ಇಟ್ಟು ಕಟ್ಟಿಸಿದರೆಂದು ಕಥೆ.

ಇದೇ ಗ್ರಂಥ ಇನ್ನೊಂದು ಸಂಗತಿಯನ್ನೂ ಮರೆಮಾಚದೆ ಹೇಳುತ್ತದೆ. ಕಲಾ ವೆವದ ಏರಿ ಏಳುತ್ತಿದ್ದಾಗ ಆ ಜಾಗದಲ್ಲಿ ಭಿಕ್ಷುವೊಬ್ಬ ಧ್ಯಾನದಲ್ಲಿ ಕುಳಿತಿದ್ದನಂತೆ. ಎಬ್ಬಿಸಿದರೂ ಏಳಲಿಲ್ಲ. ಅರಸ ಅವನ ಮೇಲೆಯೇ ಮಣ್ಣು ಹಾಕಿಸಿದ. ಮುಂದೆ ಧಾತುಸೇನನಿಗೆ ಒದಗಿದ ಸಾವು ಈ ಕರ್ಮದ ಫಲವೆಂದು ಗ್ರಂಥಕಾರನ ತೀರ್ಮಾನ. ಕಥೆ ನಡೆದದ್ದೋ ಇಲ್ಲವೋ, ಕೆರೆಗಳ ಹಿಂದೆ ಅರಸರ ಧರ್ಮಬುದ್ಧಿಯಷ್ಟೇ ಅಲ್ಲದೆ ಬಲಾತ್ಕಾರವೂ ಇತ್ತೆಂಬುದು ಅದನ್ನು ಬರೆದ ಭಿಕ್ಷುಗಳಿಗೆ ಗೊತ್ತಿತ್ತು. ಕಲಾ ವೆವದ ಹತ್ತಿರವೇ ಅವುಕನದಲ್ಲಿ ಬಂಡೆಯಿಂದ ಕಡೆದ ಸುಮಾರು 40 ಅಡಿ ಎತ್ತರದ ಬುದ್ಧ ನಿಂತಿದ್ದಾನೆ. ಅದೂ ಧಾತುಸೇನನ ಕಾಲದ್ದೆಂದು ಜನ ನಂಬುತ್ತಾರೆ.

ತಂದೆಯನ್ನು ಕೊಂದ ಕಾಶ್ಯಪ ಅನುರಾಧಪುರದಲ್ಲಿ ನಿಲ್ಲಲಿಲ್ಲ. ಬಯಲಿನಿಂದ ಸುಮಾರು 600 ಅಡಿ ನೆಟ್ಟಗೆ ಮೇಲೆದ್ದ ಸಿಗಿರಿಯದ ಬಂಡೆಯನ್ನು ಆರಿಸಿಕೊಂಡು ಅದರ ನೆತ್ತಿಯ ಮೇಲೆ ಅರಮನೆ ಕಟ್ಟಿಸಿದ. ಬಂಡೆಯ ನಡುವಿನ ಪೊಟರೆಯಲ್ಲಿರುವ ಸ್ತ್ರೀಯರ ವರ್ಣಚಿತ್ರಗಳೂ, ಕೆಳಗಿನ ಕನ್ನಡಿ ಗೋಡೆಯ ಮೇಲೆ ನಂತರದ ಶತಮಾನಗಳಲ್ಲಿ ನೋಡಲು ಬಂದವರು ಗೀಚಿದ ಪದ್ಯಗಳೂ ಜಗತ್ಪ್ರಸಿದ್ಧ. ಅಂಥ 685 ಬರಹಗಳನ್ನು ವಿದ್ವಾಂಸ ಸೆನರತ್ ಪರಣವಿತಾನ ಅವರು 1956ರಲ್ಲಿ ಪ್ರಕಟಿಸಿದರು. ಆದರೆ ಬಂಡೆ ಹತ್ತುವ ಆತುರದಲ್ಲಿ ಪ್ರವಾಸಿಗಳು ದಾಟಿಹೋಗುವ ಬುಡದ ಉದ್ಯಾನದಲ್ಲಿ ಒಂದು ಕ್ಷಣ ನಿಲ್ಲಬೇಕು. ಅಲ್ಲಿ ಕೊಳಗಳಿವೆ, ನೆಲದೊಳಗೆ ಹಾದುಹೋಗುವ ಕಲ್ಲಿನ ಮೋರಿಗಳಿವೆ, ತೂತು ಕೊರೆದ ಸುಣ್ಣಕಲ್ಲಿನ ಫಲಕಗಳಿಂದ ಚಿಮ್ಮುವ ಕಾರಂಜಿಗಳಿವೆ. ಎತ್ತರದ ನೀರಿನ ಒತ್ತಡವೊಂದೇ ಅವುಗಳ ಯಂತ್ರ. ಒಳ್ಳೆಯ ಮಳೆ ಬಂದ ದಿನಗಳಲ್ಲಿ ಅವು ಈಗಲೂ ಚಿಮ್ಮುತ್ತವೆ. ತಂದೆಯ ಖಜಾನೆಯನ್ನು ಹೀಯಾಳಿಸಿದವನ ಅರಮನೆಗೂ ನೀರಿನ ವಿದ್ಯೆಯೇ ಶೋಭೆ ತಂದಿತು. 495ರಲ್ಲಿ ತಮ್ಮ ಮೊಗ್ಗಲಾನ ಸೈನ್ಯದೊಡನೆ ಬಂದಾಗ ಕಾಶ್ಯಪ ಸೋತು ಸತ್ತ. ಸಿಗಿರಿಯ ಭಿಕ್ಷುಗಳ ಪಾಲಾಯಿತು, ರಾಜಧಾನಿ ಮತ್ತೆ ಅನುರಾಧಪುರದ ಕೆರೆಗಳ ನಡುವೆಯೇ ನೆಲೆಸಿತು.

ತೂಬಿನ ಗುಟ್ಟು

ಸಣ್ಣ ಕೆರೆಗೆ ಏರಿ ಹಾಕುವುದು ಕಷ್ಟವಲ್ಲ. ದೊಡ್ಡ ಕೆರೆಯ ಪ್ರಶ್ನೆಯೇ ಬೇರೆ. ನೀರಿನ ಆಳ ಹೆಚ್ಚಿದಂತೆ ಒತ್ತಡವೂ ಹೆಚ್ಚುತ್ತದೆ. ಏರಿಯ ಬುಡದಲ್ಲಿ ತೂಬು ತೆರೆದರೆ ರಭಸಕ್ಕೆ ಬಾಗಿಲು ಕಿತ್ತುಹೋಗಬಹುದು, ಸುತ್ತಲಿನ ಮಣ್ಣು ಕೊರೆದು ಏರಿಯೇ ಒಡೆಯಬಹುದು. ಸಿಂಹಳದ ಕುಶಲಿಗಳು ಇದಕ್ಕೆ ಕಂಡುಕೊಂಡ ಉಪಾಯ 'ಬಿಸೊಕೊಟುವ'. ಏರಿಯ ಒಳಮಗ್ಗುಲಲ್ಲಿ ಕಲ್ಲು ಅಥವಾ ಇಟ್ಟಿಗೆ ಕಟ್ಟಿದ ಚೌಕನೆಯ ಬಾವಿಯಂಥ ಗುಂಡಿ. ಕೆರೆಯ ನೀರು ಮೊದಲು ಈ ಗುಂಡಿಗೆ ಬಂದು ತನ್ನ ರಭಸ ಕಳೆದುಕೊಳ್ಳುತ್ತದೆ. ಬಾಗಿಲನ್ನು ಏರಿಸಿ ಇಳಿಸಿ ಹೊರಕ್ಕೆ ಬಿಡುವ ನೀರನ್ನು ಅಲ್ಲಿಯೇ ಅಳೆಯಬಹುದು. ಬ್ರಿಟಿಷರ ಕಾಲದಲ್ಲಿ ಅಲ್ಲಿನ ನೀರಾವರಿ ಇಲಾಖೆಯಲ್ಲಿದ್ದ ಹೆನ್ರಿ ಪಾರ್ಕರ್ ಈ ಗುಂಡಿಗಳನ್ನು ಪರೀಕ್ಷಿಸಿ, 1909ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ ಇವು ಆಧುನಿಕ ಜಲಾಶಯಗಳ ಕವಾಟ ಗೋಪುರಗಳ ಪೂರ್ವಜರೆಂದು ವಿವರಿಸಿದ. ಯೂರೋಪಿನಲ್ಲಿ ಅಂಥವು ಬಳಕೆಗೆ ಬರುವುದಕ್ಕಿಂತ ಎಷ್ಟೋ ಶತಮಾನಗಳ ಹಿಂದೆ ಇಲ್ಲಿ ಅವು ಕೆಲಸ ಮಾಡುತ್ತಿದ್ದವು.

ತೂಬಿನ ಗುಟ್ಟು ಕೈಗೆ ಬಂದ ಮೇಲೆ ಕೆರೆಗಳು ಹಿಗ್ಗಿದವು. 3ನೇ ಶತಮಾನದ ಕೊನೆಯಲ್ಲಿ ಆಳಿದ ಮಹಾಸೇನ 16 ಕೆರೆಗಳನ್ನು ಕಟ್ಟಿಸಿದನೆಂದು 'ಮಹಾವಂಶ' ಹೇಳುತ್ತದೆ. ಅವುಗಳಲ್ಲಿ ಮಿನ್ನೇರಿಯ ಪ್ರಸಿದ್ಧ. ಅನುರಾಧಪುರದ ಜೇತವನ ಸ್ತೂಪವನ್ನು ಆರಂಭಿಸಿದವನೂ ಇವನೇ. ಮೂಲದಲ್ಲಿ ಅದರ ಎತ್ತರ ಸುಮಾರು 400 ಅಡಿ. ಈಜಿಪ್ಟಿನ ಎರಡು ದೊಡ್ಡ ಪಿರಮಿಡ್ಡುಗಳನ್ನು ಬಿಟ್ಟರೆ ಪ್ರಾಚೀನ ಜಗತ್ತಿನಲ್ಲಿ ಇಷ್ಟೆತ್ತರದ ಕಟ್ಟಡ ಇನ್ನೊಂದಿರಲಿಲ್ಲ. ಅದಕ್ಕೆ 9 ಕೋಟಿಗೂ ಹೆಚ್ಚು ಇಟ್ಟಿಗೆ ಹಿಡಿದಿದೆಯೆಂದು ಲೆಕ್ಕ ಹಾಕಿದ್ದಾರೆ. ಇಷ್ಟು ಇಟ್ಟಿಗೆ ಸುಟ್ಟವರು, ಹೊತ್ತವರು, ಜೋಡಿಸಿದವರು ವರ್ಷಗಟ್ಟಲೆ ಊಟ ಮಾಡಿದ್ದು ಯಾರೋ ಬೆಳೆದ ಭತ್ತವನ್ನು. ಆ ಭತ್ತ ಬೆಳೆದದ್ದು ಕೆರೆಯ ನೀರಿನಲ್ಲಿ. ಕೆರೆನೀರಿನ ಪಾಲಿಗೆ 'ದಕಪತಿ' ಎಂಬ ತೆರಿಗೆಯಿತ್ತು. ಅದನ್ನು ವಿಹಾರಗಳಿಗೆ ದಾನ ಕೊಟ್ಟ ಶಾಸನಗಳು ಸಿಕ್ಕಿವೆ. ಮಹಾಸೇನನನ್ನು ಜನ ಮರೆತಿಲ್ಲ. ಆದರೆ ಅವನಿಗೆ ದೇವರ ಪಟ್ಟ ಸಿಕ್ಕಿದ್ದು ಸ್ತೂಪದ ಹೆಸರಿನಲ್ಲಿ ಅಲ್ಲ. ಮಿನ್ನೇರಿ ದೇವರೆಂದು, ಕೆರೆಯ ಹೆಸರಿನಲ್ಲಿಯೇ ಅವನನ್ನು ಪೂಜಿಸುತ್ತಾರೆ.

ಪೊಲನ್ನರುವದ ಸಮುದ್ರ

ಅನುರಾಧಪುರ ರಾಜಧಾನಿಯಾಗಿ ಬಾಳಿದ್ದು ಸಾವಿರ ವರ್ಷಕ್ಕೂ ಮಿಕ್ಕಿ. 993ರಲ್ಲಿ ರಾಜರಾಜ ಚೋಳನ ಸೈನ್ಯ ಅದನ್ನು ಹಾಳುಗೆಡವಿತು. 1017ರಲ್ಲಿ ರಾಜೇಂದ್ರ ಚೋಳನ ಸೈನ್ಯ ಅರಸ ಐದನೆಯ ಮಹಿಂದನನ್ನೇ ಸೆರೆ ಹಿಡಿದು ಚೋಳನಾಡಿಗೆ ಒಯ್ದಿತು. ಚೋಳರು ತಮ್ಮ ಆಡಳಿತವನ್ನು ಪೂರ್ವಕ್ಕಿರುವ ಪೊಲನ್ನರುವದಿಂದ ನಡೆಸಿದರು. ಅಲ್ಲಿ ಅವರ ಕಾಲದ ಶಿವಾಲಯವೊಂದು ಇಂದಿಗೂ ಅಚ್ಚುಕಟ್ಟಾಗಿ ನಿಂತಿದೆ.

ಈ ಕಾಲದಲ್ಲಿ ಕನ್ನಡ ನಾಡಿನ ಹೆಸರೂ ಲಂಕೆಯ ಇತಿಹಾಸದಲ್ಲಿ ಕಾಣುತ್ತದೆ. ಮಹಿಂದನ ಆಳ್ವಿಕೆ ಸಡಿಲಾದಾಗ ಅಲ್ಲಲ್ಲಿ ಅಧಿಕಾರ ಹಿಡಿದ ಬಾಡಿಗೆ ಸೈನಿಕರಲ್ಲಿ ಕೇರಳದವರ ಜೊತೆಗೆ 'ಕಣ್ಣಾಟ'ರನ್ನೂ ಚೂಳವಂಶ ಹೆಸರಿಸುತ್ತದೆ. 1070ರಲ್ಲಿ ಚೋಳರನ್ನು ಹೊರದೂಡಿದ ಮೊದಲನೆಯ ವಿಜಯಬಾಹು, ಅವರ ಬದ್ಧವೈರಿಯಾಗಿದ್ದ ಕರ್ನಾಟ ದೊರೆಯ ಬಳಿಗೆ ಕಾಣಿಕೆಗಳೊಡನೆ ದೂತರನ್ನು ಕಳುಹಿಸಿದ. ಆ ದೊರೆ ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನೆಂದು ಇತಿಹಾಸಕಾರರು ಗುರುತಿಸಿದ್ದಾರೆ. ದಾರಿಯಲ್ಲಿ ಚೋಳರು ಆ ದೂತರ ಕಿವಿ ಮೂಗು ಕೊಯ್ದರು. ಸೇಡಿಗೆ ದಂಡೆತ್ತಲು ವಿಜಯಬಾಹು ಹೊರಟಾಗ, ಚೋಳರ ಮೇಲೆ ಹೋಗಲೊಲ್ಲದ ಅವನದೇ ವೇಳೈಕ್ಕಾರ ಪಡೆ ದಂಗೆಯೆದ್ದು ಅರಮನೆಗೆ ಬೆಂಕಿಯಿಟ್ಟಿತು. ಬಸವಕಲ್ಯಾಣಕ್ಕೂ ಪೊಲನ್ನರುವಕ್ಕೂ ಹೀಗೊಂದು ನೆಂಟಸ್ತಿಕೆ ಬೆಳೆಯಬೇಕಿದ್ದುದು ಅರ್ಧ ದಾರಿಯಲ್ಲೇ ನಿಂತಿತು.

ಚೋಳರ ನಂತರವೂ ರಾಜಧಾನಿ ಪೊಲನ್ನರುವದಲ್ಲಿಯೇ ಉಳಿಯಿತು. 1153ರಿಂದ 1186ರವರೆಗೆ ಆಳಿದ ಮೊದಲನೆಯ ಪರಾಕ್ರಮಬಾಹುವಿನ ಕಾಲದಲ್ಲಿ ಅದು ತನ್ನ ತುತ್ತತುದಿ ಮುಟ್ಟಿತು. ಆಕಾಶದಿಂದ ಬಿದ್ದ ಮಳೆ ಮನುಷ್ಯನಿಗೆ ಉಪಕಾರವಾಗದೆ ಕಡಲು ಸೇರಬಾರದೆಂಬುದು ಅವನ ಸಂಕಲ್ಪವಾಗಿತ್ತೆಂದು ಹೇಳುತ್ತಾರೆ. ಹಳೆಯ ಕೆರೆಗಳನ್ನು ಸೇರಿಸಿ ಅವನು ಮಾಡಿದ ಜಲರಾಶಿಗೆ ಪರಾಕ್ರಮ ಸಮುದ್ರವೆಂದೇ ಹೆಸರು. ಏರಿಯ ಉದ್ದ ಸುಮಾರು 14 ಕಿ.ಮೀ. ಅದರ ದಂಡೆಯಲ್ಲಿಯೇ ಅರಮನೆ, ವೃತ್ತಾಕಾರದ ವಟದಾಗೆ, ವಿಹಾರಗಳು ಎದ್ದವು. ಗಲ್ ವಿಹಾರದ ಒಂದೇ ಬಂಡೆಯಲ್ಲಿ ಕಡೆದ ಬುದ್ಧನ ಮೂರ್ತಿಗಳೂ ಈ ಅರಸನ ಕಾಲದವು. ಮಲಗಿದ ಬುದ್ಧನ ಉದ್ದ 46 ಅಡಿ. ತಲೆಯ ಭಾರಕ್ಕೆ ಕಲ್ಲಿನ ದಿಂಬು ಸ್ವಲ್ಪ ತಗ್ಗಿದಂತೆ ಶಿಲ್ಪಿ ಕಡೆದಿರುವುದನ್ನು ನೋಡಿದವರು ಮರೆಯಲಾರರು.

ಇಷ್ಟಾದರೂ ಈ ವೈಭವ ಪರಾಕ್ರಮಬಾಹು ಸತ್ತ ಮೇಲೆ 30 ವರ್ಷ ಬಾಳಲಿಲ್ಲ. 1215ರಲ್ಲಿ ಕಳಿಂಗದ ಮಾಘ ದಂಡೆತ್ತಿ ಬಂದು ಪೊಲನ್ನರುವವನ್ನು ಹಿಡಿದ. ಅಲ್ಲಿಂದ ಮುಂದೆ ಸಿಂಹಳ ರಾಜಧಾನಿ ದಂಬದೆಣಿಯ, ಯಾಪಹುವ, ಕುರುಣೆಗಲ, ಗಂಪೊಲ, ಕೋಟ್ಟೆ ಎಂದು ನೈಋತ್ಯದ ಕಡೆಗೆ ಸರಿಯುತ್ತ ಕೊನೆಗೆ ಬೆಟ್ಟಗಳ ನಡುವಿನ ಕ್ಯಾಂಡಿಯನ್ನು ಸೇರಿತು. ಹಿಂದೆ ಉಳಿದ ಬಯಲನ್ನು ಕಾಡು ಆವರಿಸಿತು.

ಏಕೆ ಹೀಗಾಯಿತು ಎಂಬುದು ವಿದ್ವಾಂಸರು ಬಹುಕಾಲದಿಂದ ಚರ್ಚಿಸುತ್ತಿರುವ ವಿಷಯ. ದಂಡಯಾತ್ರೆಗಳು, ಒಳಜಗಳ, ಬರಗಾಲ, ಮಲೇರಿಯಾ ಎಲ್ಲವನ್ನೂ ಹೇಳುತ್ತಾರೆ. ಇವುಗಳಲ್ಲಿ ಯಾವುದೊಂದೂ ತಾನೇ ಸಾಲದು. ಹಿಂದೆಯೂ ದಂಡು ಬಂದಿತ್ತು, ಬರ ಬಂದಿತ್ತು, ನಗರ ಮತ್ತೆ ಎದ್ದಿತ್ತು. ಈ ಸಲ ತಪ್ಪಿಹೋದದ್ದು ದುರಸ್ತಿ. 54 ಮೈಲಿ ಕಾಲುವೆಯ ಹೂಳು ತೆಗೆಯಲು, ಏರಿಯ ಬಿರುಕು ಮುಚ್ಚಲು, ಯಾವ ತೂಬನ್ನು ಯಾವಾಗ ತೆರೆಯಬೇಕೆಂದು ತೀರ್ಮಾನಿಸಲು ತಿಳಿದವರ ಒಂದು ವ್ಯವಸ್ಥೆ ಬೇಕು. ಅದು ಚದುರಿದರೆ ಒಂದೇ ಮಳೆಗಾಲದಲ್ಲಿ ಏರಿ ಒಡೆಯಬಹುದು. ಒಡೆದ ಏರಿಯ ಹಿಂದೆ ನಿಂತ ನೀರು ಸೊಳ್ಳೆಗಳ ತವರು. ಜ್ವರಕ್ಕೆ ಹೆದರಿ ಜನ ಊರು ಬಿಟ್ಟರೆ ಏರಿ ಕಟ್ಟಲು ಯಾರೂ ಉಳಿಯುವುದಿಲ್ಲ. ಹೀಗೆ ಒಂದು ಕೇಡು ಇನ್ನೊಂದನ್ನು ಎಳೆದು ತಂದಿತು.

ಬೆಟ್ಟ, ಕಡಲು ಮತ್ತು ಹೊಸ ಒಡೆಯರು

ಹೊಸ ರಾಜಧಾನಿಗಳು ಮಳೆಯ ಸೀಮೆಯಲ್ಲಿದ್ದವು. ಅಲ್ಲಿ ದೊಡ್ಡ ಕೆರೆಗಳ ಅಗತ್ಯವಿರಲಿಲ್ಲ. ಆ ಭಾಗದ ಕಾಡಿನ ದಾಲ್ಚಿನ್ನಿಯನ್ನು ಅರಸುತ್ತ ಕಡಲಿನಿಂದ ಬೇರೆ ಜನ ಬಂದರು. 1505ರಲ್ಲಿ ಪೋರ್ಚುಗೀಸರು ಬಂದರು. 1640ರಲ್ಲಿ ಗಾಲ್ ಡಚ್ಚರ ಕೈಸೇರಿತು. ಇಂದು ಪ್ರವಾಸಿಗಳು ಸಂಜೆ ಅಡ್ಡಾಡುವ ಕೋಟೆಯ ಭಾರಿ ಗೋಡೆಗಳು ಡಚ್ಚರ ಕೆಲಸ. ಸಮುದ್ರದ ಉಬ್ಬರದ ನೀರೇ ಕೋಟೆಯೊಳಗಿನ ಚರಂಡಿಗಳನ್ನು ತೊಳೆಯುವಂತೆ ಅವರು ಮಾಡಿದ್ದ ಏರ್ಪಾಡು ಮೆಚ್ಚತಕ್ಕದ್ದು. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಹೊರಗಿನ ಗಾಲ್ ಪಟ್ಟಣ ನುಚ್ಚುನೂರಾದಾಗ ಕೋಟೆಯೊಳಗಿನ ಊರನ್ನು ಈ ಗೋಡೆಗಳೇ ಬಹುಮಟ್ಟಿಗೆ ಕಾಪಾಡಿದವು.

ಕ್ಯಾಂಡಿಯ ನಡುವಿನ ಸುಂದರ ಕೆರೆಯನ್ನು ಕಟ್ಟಿಸಿದ್ದು ಅಲ್ಲಿನ ಕೊನೆಯ ಅರಸ ಶ್ರೀವಿಕ್ರಮ ರಾಜಸಿಂಹ, 1807ರಲ್ಲಿ. ಅಚ್ಚುಕಟ್ಟಿಗೆ ನೀರುಣಿಸಲು ಅಲ್ಲ. ಇದ್ದ ಗದ್ದೆಗಳನ್ನೇ ಮುಳುಗಿಸಿ ಅರಮನೆಯ ಅಂದಕ್ಕಾಗಿ ಕಟ್ಟಿಸಿದ ಕೆರೆ ಅದು. ಬಿಟ್ಟಿ ದುಡಿತಕ್ಕೆ ಸಿಕ್ಕಿದ ಜನ ಮುನಿದಿದ್ದರು, ನಾಯಕರೂ ಮುನಿದಿದ್ದರು. 1815ರಲ್ಲಿ ಕ್ಯಾಂಡಿ ಬ್ರಿಟಿಷರ ವಶವಾಯಿತು. ಸೆರೆಯಾದ ಅರಸ 1832ರಲ್ಲಿ ವೆಲ್ಲೂರಿನಲ್ಲಿ ತೀರಿಕೊಂಡ.

ಅದೇ 1832ರಲ್ಲಿ ಬ್ರಿಟಿಷರು 'ರಾಜಕಾರಿಯ' ಎಂಬ ಕಡ್ಡಾಯ ದುಡಿತವನ್ನು ರದ್ದುಪಡಿಸಿದರು. ನ್ಯಾಯದ ದೃಷ್ಟಿಯಿಂದ ಇದು ಒಳ್ಳೆಯ ಕೆಲಸ. ಆದರೆ ಹಳ್ಳಿಯ ಕೆರೆಗಳ ಏರಿ ಕಟ್ಟುವುದೂ ಹೂಳೆತ್ತುವುದೂ ಈ ಪದ್ಧತಿಯ ಆಸರೆಯಲ್ಲಿಯೇ ನಡೆಯುತ್ತಿದ್ದವು. ಅದಕ್ಕೆ ಬದಲಿ ಏರ್ಪಾಡು ಮಾಡದೆ ಹಳೆಯದನ್ನು ಕಿತ್ತುಹಾಕಿದ್ದರಿಂದ ಅಳಿದುಳಿದ ಕೆರೆಗಳೂ ಸೊರಗಿದವು. ತಪ್ಪು ತಿಳಿದದ್ದು ಕಾಲು ಶತಮಾನದ ನಂತರ. ನೀರಾವರಿಯ ಹಳೆಯ ಕಟ್ಟುಪಾಡುಗಳನ್ನು ಊರವರೇ ಮತ್ತೆ ಜಾರಿಗೆ ತರಲು 1856ರಲ್ಲಿ ಒಂದು ಕಾನೂನು ಮಾಡಿದರು. ನಮ್ಮ ನೀರುಗಂಟಿಯ ಕೆಲಸವನ್ನು ಹೋಲುವ 'ವೆಲ್ ವಿದಾನೆ' ಎಂಬ ಅಧಿಕಾರಿ ಗದ್ದೆ ಬಯಲಿನ ಶಿಸ್ತು ನೋಡಿಕೊಳ್ಳುತ್ತಿದ್ದ. ದೊಡ್ಡ ಕೆರೆಗಳ ಜೀರ್ಣೋದ್ಧಾರವೂ ಆರಂಭವಾಯಿತು. ಕಲಾ ವೆವದಲ್ಲಿ ಮತ್ತೆ ನೀರು ನಿಂತದ್ದು 1887ರಲ್ಲಿ.

ಇತ್ತ ಬೆಟ್ಟಗಳಲ್ಲಿ ಕಾಡು ಕಡಿದು ಕಾಫಿ ಹಾಕಿದ್ದರು. 1869ರಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ಕಾಫಿಯನ್ನು ಮುಗಿಸಿತು. 1867ರಲ್ಲಿ ಜೇಮ್ಸ್ ಟೇಲರ್ ಎಂಬಾತ ಲೂಲ್‌ಕಂದುರ ತೋಟದ 19 ಎಕರೆಗಳಲ್ಲಿ ಬೆಳೆಸಿದ್ದ ಚಹಾ ಆ ಜಾಗವನ್ನು ತುಂಬಿತು. ತಮಿಳುನಾಡಿನಿಂದ ಬಂದ ಕೂಲಿಗಳ ದುಡಿಮೆಯಿಂದ ಎದ್ದ ಈ ಹಸಿರು ಇಳಿಜಾರುಗಳು ನೋಡಲು ಚೆಂದ. ಆದರೆ ಇವು ದ್ವೀಪದ ನೀರಿನ ತಲೆಮೂಲದ ಮೇಲೆಯೇ ಇವೆ. ಶ್ರೀಪಾದ ಪರ್ವತ ಮತ್ತು ಹಾರ್ಟನ್ ಬಯಲಿನ ಸುತ್ತಲಿನ ಎತ್ತರದ ನೆಲದಲ್ಲಿ ಮಹಾವೇಲಿ, ಕೆಳಣಿ, ವಳವೆ ನದಿಗಳ ಸೆಲೆಗಳಿವೆ. ಹಾರ್ಟನ್ ಬಯಲಿನ 'ಲೋಕದ ಅಂಚು' ಎಂಬ ಪ್ರಪಾತದಲ್ಲಿ ನಿಂತು ಮಂಜು ನೋಡುವ ಪ್ರವಾಸಿ, ಆ ಮಂಜನ್ನು ಹನಿಯಾಗಿಸಿ ನದಿಗೆ ಸೇರಿಸುವ ಗಿಡ್ಡ ಮರಗಳ ಕಾಡನ್ನೂ ಗಮನಿಸಬೇಕು. 2010ರಲ್ಲಿ ಈ ಮಧ್ಯದ ಬೆಟ್ಟಸೀಮೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಳಿಜಾರಿನ ಮಣ್ಣು ಕೊಚ್ಚಿದರೆ ಅದು ಹೂಳಾಗಿ ಕೂರುವುದು ಕೆಳಗಿನ ಜಲಾಶಯಗಳಲ್ಲಿ.

ಮತ್ತೆ ಹರಿದ ನೀರು

20ನೇ ಶತಮಾನದಲ್ಲಿ ಜನ ಮತ್ತೆ ಒಣ ಸೀಮೆಗೆ ಮರಳಿದರು. 1930ರ ದಶಕದಲ್ಲಿ ಮಿನ್ನೇರಿಯದಂಥ ಕೆರೆಗಳ ಕೆಳಗೆ ರೈತರನ್ನು ನೆಲೆಗೊಳಿಸುವ ಕೆಲಸ ಡಿ.ಎಸ್. ಸೇನಾನಾಯಕರ ಮುಂದಾಳುತನದಲ್ಲಿ ನಡೆಯಿತು. ಮಲೇರಿಯಾ ಮಾತ್ರ ಬಿಡಲಿಲ್ಲ. 1934-35ರಲ್ಲಿ ದ್ವೀಪದಲ್ಲಿ ಸುಮಾರು 80,000 ಜನ ಅದಕ್ಕೆ ಬಲಿಯಾದರು. 1946ರಿಂದ ಡಿಡಿಟಿ ಸಿಂಪಡಣೆ ಶುರುವಾದ ಮೇಲೆ ಬಯಲು ವಾಸಯೋಗ್ಯವಾಯಿತು. ರೋಗ ಆಮೇಲೂ ಮರುಕಳಿಸಿತು. ಶ್ರೀಲಂಕಾ ಮಲೇರಿಯಾಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದ್ದು 2016ರಲ್ಲಿ. ಏಳು ಶತಮಾನಗಳ ಶತ್ರುವೊಂದು ಹೀಗೆ ಹಿಂದೆ ಸರಿಯಿತು.

335 ಕಿ.ಮೀ. ಉದ್ದದ ಮಹಾವೇಲಿ ನದಿ ತ್ರಿಕೋಣಮಲೆಯ ಬಳಿ ಕಡಲು ಸೇರುತ್ತದೆ. 1976ರಲ್ಲಿ ಕ್ಯಾಂಡಿಯ ಹತ್ತಿರ ಪೊಲ್ಗೊಲ್ಲದಲ್ಲಿ ಅದರ ನೀರನ್ನು ಸುಮಾರು 8 ಕಿ.ಮೀ. ಸುರಂಗದ ಮೂಲಕ ಉತ್ತರಕ್ಕೆ ತಿರುಗಿಸಿದರು. 1985ರಲ್ಲಿ 122 ಮೀಟರ್ ಎತ್ತರದ ವಿಕ್ಟೋರಿಯಾ ಅಣೆಕಟ್ಟು ಉದ್ಘಾಟನೆಯಾಯಿತು. ಸ್ವಾರಸ್ಯದ ಸಂಗತಿಯೆಂದರೆ, ಬೆಟ್ಟ ಕೊರೆದು ತಂದ ಈ ನೀರು ಹೋಗಿ ಸೇರುವುದು ಹಳೆಯ ಪಾತ್ರೆಗಳಿಗೇ. ಧಾತುಸೇನನ ಕಲಾ ವೆವ ತುಂಬುತ್ತದೆ. ಅಲ್ಲಿಂದ ಜಯಗಂಗೆಯ ಹಾದಿ ಹಿಡಿದು ನೀರು ಅನುರಾಧಪುರಕ್ಕೆ ಬರುತ್ತದೆ.

ಹಳೆಯ ಪಾತ್ರೆ ಎಂದ ಮೇಲೆ ಅದನ್ನು ನೋಡಿಕೊಳ್ಳುವ ಹೊಣೆಯೂ ಇದೆ. 1986ರ ಏಪ್ರಿಲ್ 20ರ ನಸುಕಿನಲ್ಲಿ ಪೂರ್ವದ ಕಂತಲೆ ಕೆರೆಯ ಏರಿ ಒಡೆದು ನೂರಕ್ಕೂ ಹೆಚ್ಚು ಜನ ಸತ್ತರು. ಮಿನ್ನೇರಿಯದಲ್ಲಿ ಬೇರೆ ಬಗೆಯ ಪ್ರಶ್ನೆ ಎದ್ದಿದೆ. ಜುಲೈನಿಂದ ಸೆಪ್ಟೆಂಬರವರೆಗೆ ಕೆರೆಯ ನೀರು ಇಳಿದಾಗ ಅಂಗಳದಲ್ಲಿ ಎಳೆಹುಲ್ಲು ಚಿಗುರುತ್ತದೆ; ಅದನ್ನು ಮೇಯಲು ಇನ್ನೂರು ಮುನ್ನೂರು ಆನೆಗಳು ಒಟ್ಟಿಗೆ ನೆರೆಯುವುದು ಜಗತ್ತಿನ ಅಪರೂಪದ ನೋಟ. 2018ರಲ್ಲಿ ಮೊರಗಹಕಂದ ಜಲಾಶಯ ಬಂದ ಮೇಲೆ ಬೇಸಿಗೆಯಲ್ಲೂ ಕೆರೆಗೆ ನೀರು ಬಿಡುವುದರಿಂದ ಹುಲ್ಲುಗಾವಲು ಮುಳುಗುತ್ತಿದೆಯೆಂದು ವನ್ಯಜೀವಿಗಳ ಬಲ್ಲವರು ದೂರಿದ್ದಾರೆ. ಹಸಿದ ಆನೆ ಗದ್ದೆಗೆ ನುಗ್ಗುತ್ತದೆ, ನಷ್ಟ ರೈತನಿಗೆ. ಕೆರೆ ತುಂಬುವುದಷ್ಟೇ ಅಲ್ಲ, ಹೊತ್ತಿಗೆ ಸರಿಯಾಗಿ ಇಳಿಯುವುದೂ ಅದರ ಧರ್ಮವೆಂಬುದನ್ನು ಹೊಸ ಲೆಕ್ಕಾಚಾರ ಮರೆತಂತಿದೆ.

ಈ ಧರ್ಮ ಹಳ್ಳಿಯ ಸಣ್ಣ ಕೆರೆಗಳಿಗೆ ಚೆನ್ನಾಗಿ ಗೊತ್ತಿತ್ತು. ಒಣ ಸೀಮೆಯಲ್ಲಿ ಇಂದಿಗೂ ಸಾವಿರಾರು ಕೆರೆಗಳು ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಸಾಲಾಗಿವೆ. ಕೆರೆಯ ಮೇಲ್ಗಡೆ ಗಾಳಿ ತಡೆದು ನೀರು ಆವಿಯಾಗುವುದನ್ನು ತಗ್ಗಿಸುವ ಮರಗಳ ಸಾಲು. ಅದಕ್ಕೆ 'ಗಸ್‌ಗೊಮ್ಮನ' ಎಂದು ಹೆಸರು. ಏರಿಯ ಕೆಳಗೆ ಉಪ್ಪನ್ನು ಹೀರಿ ಗದ್ದೆಯನ್ನು ಕಾಯುವ ಪೊದೆಗಳ ಪಟ್ಟಿ 'ಕಟ್ಟಕಾಡುವ'. ಹೂಳನ್ನು ಮೊದಲೇ ಹಿಡಿಯಲು ಮೇಲೊಂದು ಪುಟ್ಟ ಕೆರೆ. ಇಡೀ ವ್ಯವಸ್ಥೆಯನ್ನು ಜಗತ್ತಿನ ಮಹತ್ವದ ಕೃಷಿ ಪರಂಪರೆಯೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2017ರಲ್ಲಿ ಗುರುತಿಸಿತು. ಇದರಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದೆನಿಸುವುದು 'ಬೆತ್ಮ' ಎಂಬ ಪದ್ಧತಿ. ಮಳೆ ಕೈಕೊಟ್ಟ ವರ್ಷ ಊರವರು ಸಭೆ ಸೇರಿ, ಇರುವ ನೀರಿಗೆ ಎಷ್ಟು ಗದ್ದೆ ನೆನೆಯುತ್ತದೆಂದು ಲೆಕ್ಕ ಹಾಕುತ್ತಾರೆ. ಏರಿಯ ಹತ್ತಿರದ ಅಷ್ಟು ಗದ್ದೆಯನ್ನು ಆ ಬೆಳೆಯ ಮಟ್ಟಿಗೆ ಎಲ್ಲ ಹಕ್ಕುದಾರರಿಗೂ ಪಾಲು ಮಾಡುತ್ತಾರೆ. ಗದ್ದೆ ಯಾರದೇ ಇರಲಿ, ಕೊರತೆ ಎಲ್ಲರದು. ಅರಸರ ಕಾಲದ ನಗರಗಳು ಬಿದ್ದಮೇಲೂ ಅಲ್ಲಲ್ಲಿ ಹಳ್ಳಿಗಳು ಉಳಿದುಕೊಂಡದ್ದರ ಗುಟ್ಟು ಬಹುಶಃ ಇದರಲ್ಲಿದೆ.

ಲಂಕೆಗೆ ಹೋಗುವವರು ಸಿಗಿರಿಯವನ್ನು ಹತ್ತಬೇಕು, ಗಲ್ ವಿಹಾರದ ಮುಂದೆ ಕುಳಿತುಕೊಳ್ಳಬೇಕು, ಇದರಲ್ಲಿ ಎರಡು ಮಾತಿಲ್ಲ. ದಾರಿಯಲ್ಲಿ ಕಲಾ ವೆವ ಸಿಕ್ಕಿದಾಗ ಹತ್ತು ನಿಮಿಷ ಬಸ್ಸು ನಿಲ್ಲಿಸಿ ಏರಿಯ ಮೇಲೂ ನಡೆಯಬೇಕು. ಅಲ್ಲಿ ಟಿಕೆಟ್ಟಿಲ್ಲ, ಮಾರ್ಗದರ್ಶಿ ಇಲ್ಲ. ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಗದ್ದೆ. ಪ್ರಾಣ ಹೋಗುವ ಹೊತ್ತಿನಲ್ಲಿ ಮುದುಕ ಅರಸನೊಬ್ಬ ತನ್ನ ಖಜಾನೆಯೆಂದು ತೋರಿಸಿದ್ದು ಇದನ್ನೇ. ತೂಬು ಮುರಿದು ಹೂಳು ತುಂಬಿದ ನಮ್ಮ ಊರ ಕೆರೆ ಆಗ ನೆನಪಾದರೆ, ಆ ಪ್ರವಾಸದಿಂದ ಚಹಾಪುಡಿಗಿಂತ ಬೆಲೆಯುಳ್ಳದ್ದೇನನ್ನೋ ತಂದಂತಾಯಿತು.